ಮೊದಲು ನೆನೆಹಾಕಿ, ಆಮೇಲೆ ಉಣ್ಣಿ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರು ಹೊತ್ತು ಬಂದಿವೆ: ಹೊತ್ತು ಸಾಲುವುದಿಲ್ಲ. ಅವುಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ಹೊಸ ಓದುಗರಿಗಾಗಿ ನನ್ನ ಪರಿಚಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಕುಂದಾಪುರದ ಕಡೆಯ ಹಳ್ಳಿಯಿಂದ 1974ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದೆ. ಫೋರ್ಟಿನ ಒಂದು ಹೋಟೆಲಿನ ಮೋರಿಯಲ್ಲಿ ಕಪ್ಪು ಬಸಿ ತೊಳೆಯುತ್ತ ಕನ್ನಡ ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದೆ. ಆಮೇಲೆ ಠಾಣೆಯ ಕಾರ್ಖಾನೆಯೊಂದರ ಯೋಜನಾ ವಿಭಾಗದಲ್ಲಿ 37 ವರ್ಷ ದುಡಿದು 2018ರಲ್ಲಿ ನಿವೃತ್ತನಾದೆ. ಯಾವ ಕೆಲಸ ಯಾವ ಯಂತ್ರಕ್ಕೆ ಯಾವಾಗ ಹೋಗಬೇಕು ಎಂದು ಬರೆದಿಡುವುದೇ ಅಲ್ಲಿ ನನ್ನ ಉದ್ಯೋಗ.

ಪ್ರಶ್ನೆ: ನಾನು ಡೊಂಬಿವಲಿ ಪೂರ್ವದವಳು. ಫೋರ್ಟಿನ ಬ್ಯಾಂಕಿನಲ್ಲಿ ಕೆಲಸ. ಬೆಳಗ್ಗೆ ಎದ್ದು ಪಲ್ಯಕ್ಕೆ ಹೆಚ್ಚಿ, ಒಲೆಗೇರಿಸಿ, ಆಮೇಲೆ ಕುಕ್ಕರ್ ಇಟ್ಟು, ಚಪಾತಿ ಮಾಡಿ, ಮೂರು ಡಬ್ಬಿ ಕಟ್ಟಿ ಹೊರಡುವಷ್ಟರಲ್ಲಿ ವಾರದಲ್ಲಿ ಮೂರು ದಿನ ನನ್ನ 7.46ರ ಲೋಕಲ್ ಹೋಗಿಬಿಟ್ಟಿರುತ್ತದೆ. ಅತ್ತೆಯವರು ನನ್ನ ಕೈ ನಿಧಾನ ಎನ್ನುತ್ತಾರೆ. ಪ್ರತಿಯೊಂದಕ್ಕೂ ಹಿಡಿಯುವ ನಿಮಿಷಗಳನ್ನು ಜೊತೆಗೆ ಬರೆದಿದ್ದೇನೆ. ಕೈ ಚುರುಕು ಮಾಡಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಕೈ ನಿಧಾನವಲ್ಲ. ಸಮಾಧಾನಕ್ಕೆಂದು ಹೇಳುತ್ತಿಲ್ಲ, ನೀವೇ ಬರೆದು ಕಳಿಸಿದ ನಿಮಿಷಗಳನ್ನು ಕಾಗದದ ಮೇಲೆ ಹಾಕಿ ನೋಡಿ ಹೇಳುತ್ತಿದ್ದೇನೆ.

ತೊಂಡೆಕಾಯಿ ಹೆಚ್ಚಲು 20 ನಿಮಿಷ, ಬೇಯಲು 15. ಅಕ್ಕಿ ಬೇಳೆ ತೊಳೆದು ಕುಕ್ಕರಿಗೆ ಹಾಕಲು 5, ಕುಕ್ಕರ್ ಒಲೆಯ ಮೇಲಿರುವುದು 25. ನಿಮ್ಮ ಎರಡು ಒಲೆಗಳಲ್ಲಿ ಒಂದು ಹಾಲಿಗೆ, ಕಾಫಿಗೆ, ಆಮೇಲೆ ಚಪಾತಿಯ ಕಾವಲಿಗೆ ಮೀಸಲು. ಉಳಿದದ್ದು ಒಂದೇ. ನೀವು ಮೊದಲು ತೊಂಡೆಕಾಯಿ ಹೆಚ್ಚಲು ಕೂರುತ್ತೀರಿ. ಆ ಇಪ್ಪತ್ತು ನಿಮಿಷ ಒಲೆ ಸುಮ್ಮನೆ ಬಿದ್ದಿರುತ್ತದೆ. ಪಲ್ಯ 35ನೇ ನಿಮಿಷಕ್ಕೆ ಇಳಿಯುತ್ತದೆ, ಆಗ ಕುಕ್ಕರ್ ಏರುತ್ತದೆ, ಅದು ಇಳಿಯುವುದು 60ಕ್ಕೆ. ಈಗ ಇದನ್ನು ತಿರುವಿ ಹಾಕಿ. ಮೊದಲ ಐದು ನಿಮಿಷದಲ್ಲಿ ಕುಕ್ಕರ್ ಏರಿಸಿಬಿಡಿ. ಅದು 30ಕ್ಕೆ ಇಳಿಯುತ್ತದೆ. ಅಷ್ಟರೊಳಗೆ ತೊಂಡೆಕಾಯಿ ಹೆಚ್ಚಿ ಮುಗಿದು ಐದು ನಿಮಿಷ ಮಿಕ್ಕಿರುತ್ತದೆ. ಪಲ್ಯ 45ಕ್ಕೆ ಸಿದ್ಧ. ಅದೇ ಕೈ, ಅದೇ ಈಳಿಗೆಮಣೆ, ಅದೇ ಒಲೆ. ಹದಿನೈದು ನಿಮಿಷ ಉಳಿಯಿತು. ನಿಮ್ಮ ಮನೆಯಿಂದ ಸ್ಟೇಷನ್ನಿನ ಸೇತುವೆ ಹತ್ತಿಳಿಯಲು ಹಿಡಿಯುವುದೂ ಹದಿನೈದೇ ನಿಮಿಷ ಎಂದು ನೀವೇ ಬರೆದಿದ್ದೀರಿ.

ಇದು ಕಾರ್ಖಾನೆಗಳಲ್ಲಿ ನಿತ್ಯ ಬಳಕೆಯ ಲೆಕ್ಕ. ಎರಡು ಯಂತ್ರಗಳನ್ನು ಒಂದಾದ ಮೇಲೊಂದು ಹಾದುಹೋಗಬೇಕಾದ ಕೆಲಸಗಳನ್ನು ಯಾವ ಕ್ರಮದಲ್ಲಿ ಬಿಟ್ಟರೆ ಬೇಗ ಮುಗಿಯುತ್ತವೆ ಎಂಬುದನ್ನು ಅಮೆರಿಕದ ಗಣಿತಜ್ಞ ಎಸ್. ಎಂ. ಜಾನ್ಸನ್ 1954ರಲ್ಲಿ ಸಾಧಿಸಿ ತೋರಿಸಿದರು. ಸೂತ್ರ ಸರಳ. ಎಲ್ಲ ಹೊತ್ತುಗಳಲ್ಲಿ ಅತಿ ಚಿಕ್ಕದನ್ನು ಹುಡುಕಿ. ಅದು ಮೊದಲ ಯಂತ್ರದ್ದಾದರೆ ಆ ಕೆಲಸ ಎಲ್ಲಕ್ಕಿಂತ ಮುಂದೆ, ಎರಡನೆಯದ್ದಾದರೆ ಎಲ್ಲಕ್ಕಿಂತ ಹಿಂದೆ. ಉಳಿದವಕ್ಕೂ ಹೀಗೆಯೇ. ನಾನು ಲೇತ್ ಮತ್ತು ಗ್ರೈಂಡಿಂಗ್ ಯಂತ್ರಗಳಿಗೆ ವರ್ಷಗಟ್ಟಲೆ ಈ ಪಟ್ಟಿ ಬರೆದಿದ್ದೇನೆ. ನಿಮ್ಮ ಅಡುಗೆಮನೆಯಲ್ಲಿ ಮೊದಲ ಯಂತ್ರ ನಿಮ್ಮ ಕೈ, ಎರಡನೆಯದು ಒಲೆ. ಕೈಗೆ ಕಡಿಮೆ, ಒಲೆಗೆ ಹೆಚ್ಚು ಹೊತ್ತು ಬೇಡುವ ಅಡುಗೆ ಮೊದಲು. ಹೆಚ್ಚಿ ಹೆರೆದು ತುರಿದು ಕೊನೆಗೆ ಒಂದು ಒಗ್ಗರಣೆಯಲ್ಲಿ ಮುಗಿಯುವ ಕೋಸಂಬರಿಯಂಥದ್ದು ಕೊನೆಗೆ.

ಆದರೆ ಸೂತ್ರಕ್ಕಿಂತ ಮೊದಲೇ ಈ ಪಾಠ ನನಗೆ ಸಿಕ್ಕಿದ್ದು ಹೋಟೆಲಿನ ಅಡುಗೆ ಭಟ್ಟರಿಂದ. ಮಧ್ಯಾಹ್ನ ಎರಡು ಗಂಟೆಗೆ ಊಟದ ಗಿರಾಕಿಗಳ ಸಂದಣಿ ಇಳಿದಾಗ ನಮಗೆಲ್ಲ ಹೊಟ್ಟೆ ತಾಳ ಹಾಕುತ್ತಿತ್ತು. ನಾನು ತಟ್ಟೆ ಹಿಡಿದು ನಿಂತಿರುತ್ತಿದ್ದೆ. ಭಟ್ಟರು ಮಾತ್ರ ಮೊದಲು ಎರಡು ದೊಡ್ಡ ಪಾತ್ರೆಗಳ ಕಡೆ ಹೋಗುತ್ತಿದ್ದರು. ಒಂದರಲ್ಲಿ ಇಡ್ಲಿಯ ಅಕ್ಕಿ, ಇನ್ನೊಂದರಲ್ಲಿ ಉದ್ದು. ಮೊಣಕೈವರೆಗೆ ಕೈ ಇಳಿಸಿ ಮೂರು ನೀರು ತೊಳೆದು, ನಾಲ್ಕನೆಯ ನೀರು ಹಾಕಿ, ಅಂಗೈಯನ್ನು ಅಕ್ಕಿಯ ಮೇಲೆ ಚಪ್ಪಟೆಯಾಗಿಟ್ಟು ನೀರು ಮುಂಗೈ ಗೆಣ್ಣು ಮುಳುಗಿಸಿತೇ ಎಂದು ನೋಡುತ್ತಿದ್ದರು. ಮುಳುಗಿದ ಮೇಲೆಯೇ ಕೈ ಒರೆಸಿಕೊಂಡು ಊಟಕ್ಕೆ ಕೂರುವುದು. 'ನಾವು ಉಣ್ಣುವಾಗ ಅಕ್ಕಿ ನೆನೆಯುತ್ತದೆ. ನಾವು ಉಂಡು ಬಂದು ನೆನೆಹಾಕಿದರೆ ನಾಳೆ ಬೆಳಗ್ಗೆ ಇಡ್ಲಿಯೂ ಅರ್ಧ ಗಂಟೆ ತಡ, ಗಿರಾಕಿಯೂ ತಡ' ಎನ್ನುತ್ತಿದ್ದರು. ಸಂಜೆ ರುಬ್ಬುವುದು, ರಾತ್ರಿಯಿಡೀ ಹುದುಗುವುದು, ಬೆಳಗಿನ ಜಾವ ಬೇಯಿಸುವುದು. ಇಷ್ಟೂ ಹೊತ್ತಿನಲ್ಲಿ ಭಟ್ಟರ ಕೈ ತಗಲುತ್ತಿದ್ದದ್ದು ಹೆಚ್ಚೆಂದರೆ ಎರಡು ಗಂಟೆ. ಉಳಿದದ್ದು ಕೆಲಸ ತನ್ನಷ್ಟಕ್ಕೆ ತಾನು ಆಗುವ ಹೊತ್ತು. ಆ ಹೊತ್ತನ್ನು ಯಾರೂ ಕಡಿಮೆ ಮಾಡಲಾರರು. ಬೇಗ ಶುರು ಮಾಡಬಹುದು, ಅಷ್ಟೇ.

ಚಪಾತಿಯ ಹಿಟ್ಟೂ ಹಾಗೆಯೇ. ಕಲಸಿದ ಮೇಲೆ ಅದಕ್ಕೆ ಇಪ್ಪತ್ತು ನಿಮಿಷ ಬಿಡುವು ಬೇಕು. ಕುಕ್ಕರ್ ಏರಿಸಿದ ಕೂಡಲೇ ಕಲಸಿ ಮುಚ್ಚಿಡಿ, ನೀವು ಹೆಚ್ಚುತ್ತಿರುವಾಗ ಅದು ಹದಕ್ಕೆ ಬರುತ್ತದೆ. ಕಲಸಲು ಬೇಕಾದ ಹತ್ತು ನಿಮಿಷ ಎಲ್ಲಿಂದ ಎಂದು ನೀವು ಕೇಳುತ್ತೀರಿ. ಕಲಸುವ ಕೈ ನಿಮ್ಮದೇ ಆಗಬೇಕಾಗಿಲ್ಲ. ನಿಮ್ಮ ಪತ್ರದಲ್ಲಿ ಪತಿಯವರು ಆರು ಗಂಟೆಗೆ ಎದ್ದು ಪತ್ರಿಕೆ ಓದುತ್ತಾರೆ ಎಂದಿದೆ, ಮಗ ಹನ್ನೊಂದನೆಯ ತರಗತಿಯಲ್ಲಿದ್ದಾನೆ ಎಂದಿದೆ. ಮೂರು ಡಬ್ಬಿಗಳಲ್ಲಿ ಎರಡು ಅವರವು. ಹಿಟ್ಟು ಒಬ್ಬರಿಗೆ, ಡಬ್ಬಿ ಕಟ್ಟುವುದು ಇನ್ನೊಬ್ಬರಿಗೆ ಕೊಡಿ. ಕೊಡುವಾಗ ಇಡಿಯಾಗಿ ಕೊಡಿ. 'ಸ್ವಲ್ಪ ಸಹಾಯ ಮಾಡು' ಎಂದರೆ ಡಬ್ಬಿ ಎಲ್ಲಿದೆ, ಮುಚ್ಚಳ ಯಾವುದು, ಎಷ್ಟು ಹಾಕಲಿ ಎಂದು ಹತ್ತು ಸಲ ಕೇಳುತ್ತಾರೆ. ಅದಕ್ಕೆಲ್ಲ ಉತ್ತರ ಕೊಡುವುದೂ ನಿಮ್ಮ ಕೆಲಸವೇ ಆಗುತ್ತದೆ. ರಾತ್ರಿ ಡಬ್ಬಿ ತೊಳೆದು ಒಣಗಿಸುವುದರಿಂದ ಹಿಡಿದು ಬೆಳಗ್ಗೆ ಚೀಲಕ್ಕೆ ಹಾಕುವವರೆಗೆ ಒಬ್ಬನದೇ ಜವಾಬ್ದಾರಿ ಇರಲಿ. ಮೊದಲ ವಾರ ಸಾರು ಚೆಲ್ಲಬಹುದು, ಚೆಲ್ಲಲಿ.

ಅತ್ತೆಯವರಿಗೆ ಈ ಪುಟವನ್ನು ಓದಿ ಹೇಳಿ. ಕುಕ್ಕರ್ ಮೊದಲು ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಪ್ರಶ್ನೆ: ನಾಲಾಸೋಪಾರದಿಂದ ಅಂಧೇರಿಗೆ ಕೆಲಸಕ್ಕೆ ಹೋಗುತ್ತೇನೆ, ಜೊತೆಗೆ ಲೆಕ್ಕಪರಿಶೋಧನೆಯ ಪರೀಕ್ಷೆಗೆ ಓದುತ್ತಿದ್ದೇನೆ. ರೈಲಿನಲ್ಲಿ ಪುಸ್ತಕ ತೆರೆಯಲು ಜಾಗವಿಲ್ಲ, ಕೈ ಎತ್ತಲೂ ಆಗುವುದಿಲ್ಲ. ದಿನಕ್ಕೆ ಎರಡು ಗಂಟೆ ಹಾಳಾಗುತ್ತಿದೆ.

ಉತ್ತರ: ವಿರಾರ್ ಕಡೆಯ ಲೋಕಲ್ಲಿನಲ್ಲಿ ಪುಸ್ತಕ ತೆರೆಯಿರಿ ಎಂದು ಹೇಳುವವನಿಗೆ ಆ ರೈಲು ಗೊತ್ತಿಲ್ಲ. ಬಾಗಿಲಲ್ಲಿ ನೇತಾಡಿಕೊಂಡು ಮೊಬೈಲ್ ನೋಡುವುದಂತೂ ಬೇಡವೇ ಬೇಡ, ಜೀವಕ್ಕಿಂತ ಪರೀಕ್ಷೆ ದೊಡ್ಡದಲ್ಲ.

ಪುಸ್ತಕವಿಲ್ಲದೆ ಮಾಡಬಹುದಾದ ಓದು ಒಂದಿದೆ, ಅದೇ ಹೆಚ್ಚು ಉಳಿಯುತ್ತದೆ. ನಮ್ಮ ರಾತ್ರಿ ಶಾಲೆ ಹೋಟೆಲಿನ ಕೆಲಸ ಮುಗಿದ ಮೇಲೆ ಏಳಕ್ಕೆ ಶುರುವಾಗುತ್ತಿತ್ತು. ಮರುದಿನ ಓದಲು ನಮಗೆ ಹೊತ್ತೂ ಇರಲಿಲ್ಲ, ದೀಪವೂ ಇರಲಿಲ್ಲ. ಇತಿಹಾಸದ ಮೇಷ್ಟರು ಪಾಠ ಮುಗಿಸುವಾಗ ಐದು ಪ್ರಶ್ನೆ ಬರೆಸುತ್ತಿದ್ದರು, ಉತ್ತರ ಬರೆಸುತ್ತಿರಲಿಲ್ಲ. ಬೆಳಗ್ಗೆ ಮೋರಿಯಲ್ಲಿ ಕಪ್ಪು ತೊಳೆಯುವಾಗ ಆ ಐದಕ್ಕೆ ಮನಸ್ಸಿನಲ್ಲೇ ಉತ್ತರ ಹುಡುಕಬೇಕು. ಸಿಗದಿದ್ದದ್ದನ್ನು ರಾತ್ರಿ ಹೋಗಿ ಕೇಳಬೇಕು. ಓದಿದ್ದನ್ನು ಮತ್ತೆ ಮತ್ತೆ ಕಣ್ಣಾಡಿಸುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಹೊರತೆಗೆಯುವುದು ಹೆಚ್ಚು ದಿನ ನಿಲ್ಲುತ್ತದೆ ಎಂಬುದು ಮನಶ್ಶಾಸ್ತ್ರದ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ.

ರಾತ್ರಿ ಮಲಗುವ ಮುನ್ನ ಐದು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಅಂಗಿಯ ಜೇಬಿಗೆ ಹಾಕಿ. ರೈಲು ಹತ್ತುವ ಮೊದಲು ಒಮ್ಮೆ ನೋಡಿ. ವಸಯಿ ಖಾಡಿಯ ಸೇತುವೆ ಬರುವಾಗ ಒಂದು ಮುಗಿದಿರಲಿ, ಬೋರಿವಲಿಗೆ ಮೂರು. ಅಂಧೇರಿಯಲ್ಲಿ ಇಳಿದ ಮೇಲೆ ಉತ್ತರ ಸಿಗದಿದ್ದವಕ್ಕೆ ಗುರುತು ಹಾಕಿ. ಮನೆಯಲ್ಲಿ ಓದಬೇಕಾದದ್ದು ಆ ಗುರುತಿನವನ್ನು ಮಾತ್ರ. ಸಂಜೆಯ ಪ್ರಯಾಣದಲ್ಲಿ ಏನೂ ಮಾಡಬೇಡಿ, ದಣಿದ ತಲೆಗೆ ಅಷ್ಟು ಬಿಡುವು ಇರಲಿ.

ಪ್ರಶ್ನೆ: ಕೇಂದ್ರ ಸರಕಾರದ ಕಚೇರಿಯಿಂದ ನಿವೃತ್ತನಾಗಿ ಮುಲುಂಡಿನಲ್ಲಿದ್ದೇನೆ. ದಿನವೆಲ್ಲ ಬಿಡುವು, ಆದರೂ ಕೆಲಸ ಮುಗಿಯುವುದಿಲ್ಲ. ಇಪ್ಪತ್ತು ಕೆಲಸಗಳ ಪಟ್ಟಿ ಆರು ತಿಂಗಳಿಂದ ಗೋಡೆಯ ಮೇಲಿದೆ.

ಉತ್ತರ: ಪಟ್ಟಿಯನ್ನು ಕಳಿಸಿದ್ದಕ್ಕೆ ಉಪಕಾರ. 'ಪಾಸ್‌ಬುಕ್ಕಿನಲ್ಲಿ ಹೆಸರು ತಿದ್ದುಪಡಿ', 'ಸೊಸೈಟಿಯ ಷೇರು ಪತ್ರ ವರ್ಗಾವಣೆ', 'ಊರಿನ ಪಹಣಿ', 'ಕನ್ನಡಕ', 'ಪುಸ್ತಕದ ಕಪಾಟು ಜೋಡಿಸುವುದು' ಎಲ್ಲ ಒಂದೇ ಸಾಲಿನಲ್ಲಿ ನಿಂತಿವೆ. ತೊಡಕು ಇಲ್ಲೇ ಇದೆ. ಕಪಾಟು ನಿಮ್ಮ ಕೈಯ ಕೆಲಸ. ಷೇರು ಪತ್ರ ಹಾಗಲ್ಲ. ನಿಮ್ಮ ಪಾಲಿಗೆ ಅದು ಅರ್ಧ ಗಂಟೆಯ ಅರ್ಜಿ, ಸೊಸೈಟಿಯ ಸಮಿತಿಯ ಪಾಲಿಗೆ ಎರಡು ತಿಂಗಳು. ಅಂದರೆ ಅದು ಉದ್ದು, ನೆನೆಯಬೇಕು. ನೀವು ಕಪಾಟು ಮುಗಿಸಿ ಆಮೇಲೆ ಅರ್ಜಿ ಎಂದುಕೊಂಡು ಎರಡನ್ನೂ ಬಿಟ್ಟಿದ್ದೀರಿ.

ಹಾಳೆಗೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಇನ್ನೊಬ್ಬರ ಮೇಜಿನ ಮೇಲೆ ಕೂರಬೇಕಾದ ಕೆಲಸ, ಬಲಕ್ಕೆ ನೀವೊಬ್ಬರೇ ಮುಗಿಸಬಹುದಾದದ್ದು. ಈ ವಾರ ಎಡಗಡೆಯ ಎಲ್ಲವನ್ನೂ ಹೊರಡಿಸಿಬಿಡಿ. ಪ್ರತಿಯೊಂದರ ಮುಂದೆ ಯಾರಿಗೆ ಕೊಟ್ಟಿರಿ, ಯಾವ ತಾರೀಕು, ಮತ್ತೆ ಯಾವಾಗ ಕೇಳಬೇಕು ಎಂಬ ಮೂರನ್ನು ಬರೆಯಿರಿ. ಅರ್ಜಿಯ ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಜೀವನ ಪ್ರಮಾಣಪತ್ರಕ್ಕೆ ನವೆಂಬರಿನಲ್ಲಿ ಬ್ಯಾಂಕಿನಲ್ಲಿ ಸಾಲು ನಿಲ್ಲುವುದು ಕಷ್ಟ ಎಂದೂ ಬರೆದಿದ್ದೀರಿ. 2014ರಿಂದ ಅದನ್ನು ಆಧಾರ್ ಮೂಲಕ ಡಿಜಿಟಲ್ ಆಗಿ ಕೊಡಬಹುದು, ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಆಗುತ್ತದೆ. 80 ದಾಟಿದ ಪಿಂಚಣಿದಾರರಿಗೆ ಅಕ್ಟೋಬರಿನಲ್ಲೇ ಅವಕಾಶವಿದೆ. ಮೊದಲ ಸಲ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಪ್ರಶ್ನೆ: ಪನ್ವೇಲಿನಿಂದ ಮಾಟುಂಗಕ್ಕೆ ಸಂಘದ ಕಾರ್ಯಕ್ರಮಗಳಿಗೆ ಬರುತ್ತೇನೆ. ಒಂದೂಕಾಲು ಗಂಟೆ ಸಾಕೆಂದು ಹೊರಡುತ್ತೇನೆ, ಪ್ರತಿ ಸಲವೂ ಪ್ರಾರ್ಥನೆ ಮುಗಿದ ಮೇಲೆ ತಲುಪುತ್ತೇನೆ.

ಉತ್ತರ: ಒಂದೂಕಾಲು ಗಂಟೆ ಎಂಬುದು ಎಲ್ಲವೂ ಸರಿಯಿದ್ದ ಒಂದು ದಿನದ ಲೆಕ್ಕ. ಮನುಷ್ಯರು ಹಿಂದಿನ ಅನುಭವವನ್ನು ಬದಿಗಿಟ್ಟು, ಈ ಸಲ ಎಲ್ಲ ಸರಾಗವಾಗಿ ಆಗುತ್ತದೆ ಎಂದು ಲೆಕ್ಕ ಹಾಕುವ ಈ ಅಭ್ಯಾಸಕ್ಕೆ ಕಾನೆಮನ್ ಮತ್ತು ಟ್ವೆರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲೇ ಹೆಸರಿಟ್ಟಿದ್ದಾರೆ. ಮದ್ದು ಕಷ್ಟದ್ದಲ್ಲ. ಮುಂದಿನ ಹತ್ತು ಪ್ರಯಾಣಗಳಲ್ಲಿ ಮನೆಯ ಬೀಗ ಹಾಕಿದ ಹೊತ್ತು ಮತ್ತು ಸಭಾಗೃಹದ ಬಾಗಿಲು ದಾಟಿದ ಹೊತ್ತು ಬರೆದಿಡಿ. ಹತ್ತರಲ್ಲಿ ಅತಿ ಕೆಟ್ಟದ್ದನ್ನು ಬಿಟ್ಟು ಅದರ ಮುಂದಿನದನ್ನು ನಿಮ್ಮ ಲೆಕ್ಕ ಎಂದು ಇಟ್ಟುಕೊಳ್ಳಿ. ಕಾರ್ಯಕ್ರಮಗಳು ಹೆಚ್ಚಾಗಿ ಭಾನುವಾರ, ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಕೂಡ ಭಾನುವಾರವೇ. ಶನಿವಾರ ರಾತ್ರಿಯೇ ಹಾರ್ಬರ್ ಮಾರ್ಗದ ಪ್ರಕಟಣೆ ನೋಡಿಕೊಳ್ಳಿ. ಬೇಗ ತಲುಪಿದ ದಿನ ಮಾಟುಂಗದಲ್ಲಿ ಕಾಫಿ ಕುಡಿಯಲು ಜಾಗಕ್ಕೇನೂ ಕೊರತೆಯಿಲ್ಲ.

ಪ್ರಶ್ನೆ: ಠಾಣೆಯಲ್ಲಿ ಚಿಕ್ಕ ಹೋಟೆಲು ನಡೆಸುತ್ತೇನೆ. ಗಲ್ಲೆಯಲ್ಲಿ ಕೂತು ತಿಂಗಳ ಲೆಕ್ಕ ಬರೆಯಲು ಹೋದರೆ ಹಾಲಿನವನ ಫೋನು, ಗ್ಯಾಸಿನವನ ಫೋನು, ಆರ್ಡರಿನ ಫೋನು. ಎರಡು ಗಂಟೆಯ ಲೆಕ್ಕ ಮೂರು ದಿನ ಎಳೆಯುತ್ತದೆ.

ಉತ್ತರ: ನಿಮ್ಮ ಊರಿನದೇ ಉದಾಹರಣೆ ಹೇಳುತ್ತೇನೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ರೈಲು 34 ಕಿಲೋಮೀಟರ್ ದೂರವನ್ನು 57 ನಿಮಿಷದಲ್ಲಿ ಕ್ರಮಿಸಿತು. ಇಂದಿನ ಸ್ಲೋ ಲೋಕಲ್ ಕೂಡ ಹೆಚ್ಚು ಕಡಿಮೆ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ. ಇಂಜಿನ್ನಿನ ಶಕ್ತಿ ಕಡಿಮೆಯೇ? ಅಲ್ಲ. ಪ್ರತಿ ಸ್ಟೇಷನ್ನಿನಲ್ಲೂ ನಿಂತು, ಮತ್ತೆ ವೇಗ ಹಿಡಿಯಬೇಕು. ಫಾಸ್ಟ್ ಲೋಕಲ್ ನಡುವಿನ ಸ್ಟೇಷನ್ನುಗಳನ್ನು ಬಿಟ್ಟು ಸುಮಾರು ಮುಕ್ಕಾಲು ಗಂಟೆಯಲ್ಲಿ ಬಂದುಬಿಡುತ್ತದೆ. ಫೋನು ಮಾತಾಡುವ ಒಂದು ನಿಮಿಷ ನಿಮಗೆ ದುಬಾರಿಯಲ್ಲ. ಫೋನಿಟ್ಟ ಮೇಲೆ ಯಾವ ಬಿಲ್ಲಿನಲ್ಲಿದ್ದೆ, ಕೂಡಿಸಿದ್ದು ಎಷ್ಟಾಗಿತ್ತು ಎಂದು ಹುಡುಕುವುದು ದುಬಾರಿ. ಕಾರ್ಖಾನೆಯಲ್ಲಿ ಇದನ್ನು ಸೆಟ್ಟಿಂಗ್ ಎನ್ನುತ್ತಿದ್ದೆವು. ಯಂತ್ರದ ಅಳತೆ ಬದಲಿಸಲು ಮುಕ್ಕಾಲು ಗಂಟೆ ಬೇಕು ಎಂದಾದರೆ ಒಂದೇ ಅಳತೆಯ ತುಂಡುಗಳನ್ನೆಲ್ಲ ಒಟ್ಟಿಗೆ ಕಡಿಯುತ್ತಿದ್ದೆವು.

ಹಾಲು, ಗ್ಯಾಸು, ತರಕಾರಿಯವರಿಗೆಲ್ಲ ಬೆಳಗ್ಗೆ ಹತ್ತೂವರೆಗೆ ನೀವೇ ಫೋನು ಮಾಡುತ್ತೀರಿ ಎಂದು ಹೇಳಿಬಿಡಿ, ಹೇಳಿದಂತೆ ಮಾಡಿ. ಹದಿನೈದು ದಿನದಲ್ಲಿ ಅವರೂ ಹೊಂದಿಕೊಳ್ಳುತ್ತಾರೆ. ಮಧ್ಯಾಹ್ನ ಮೂರರಿಂದ ನಾಲ್ಕು ಗಿರಾಕಿ ಇಲ್ಲದ ಹೊತ್ತು. ಆಗ ಗಲ್ಲೆಗೆ ಹುಡುಗನನ್ನು ಕೂರಿಸಿ, ಆರ್ಡರಿನ ಫೋನನ್ನು ಅವನಿಗೆ ಕೊಟ್ಟು, ನೀವು ಒಳಗೆ ಹೋಗಿ. ಲೆಕ್ಕವನ್ನು ತಿಂಗಳ ಕೊನೆಗೆ ಗುಡ್ಡೆ ಹಾಕದೆ ವಾರಕ್ಕೆ ಎರಡು ಸಲ ಹೀಗೆ ಕೂತರೆ, ಜಿಎಸ್‌ಟಿಯ 20ನೇ ತಾರೀಕು ಬಂದಾಗ ಎದೆ ಹೊಡೆದುಕೊಳ್ಳುವುದಿಲ್ಲ. ಮತ್ತೊಂದು ಮಾತು. ಆ ಹುಡುಗನಿಗೂ ದಿನದಲ್ಲಿ ಓದಲು ಒಂದು ಗಂಟೆ ಸಿಗುತ್ತದೆಯೇ ಎಂದು ನೋಡಿ. ನನಗೆ ಯಜಮಾನರೊಬ್ಬರು ಆ ಒಂದು ಗಂಟೆ ಕೊಟ್ಟಿದ್ದರಿಂದ ಇವತ್ತು ನಿಮಗೆ ಈ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಗೋವಾದ ವಾಸ್ಕೋದಲ್ಲಿದ್ದೇನೆ. ತಾಯಿ ಬಾದಾಮಿ ಹತ್ತಿರದ ಹಳ್ಳಿಯಲ್ಲಿ ಒಬ್ಬರೇ. ವಾರಕ್ಕೆ ಎರಡು ಸಲ ಫೋನು ಮಾಡುತ್ತಾರೆ, ಮುಕ್ಕಾಲು ಗಂಟೆ ಬಿಡುವುದಿಲ್ಲ. ಹೊಲದಲ್ಲಿ ಬಾವಿ ತೋಡಿಸಿದ ಕಥೆಯನ್ನು ನೂರು ಸಲ ಕೇಳಿದ್ದೇನೆ. ನೋಯಿಸದೆ ಮಾತು ಚುಟುಕು ಮಾಡುವುದು ಹೇಗೆ?

ಉತ್ತರ: ಚುಟುಕು ಮಾಡುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತಿದೆ, ಅದಕ್ಕೇ ಹೇಳಿಕೊಡುವುದಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಠಾಣೆಯ ಎಸ್‌ಟಿಡಿ ಬೂತಿನಿಂದ ಊರಿನ ಅಂಗಡಿಗೆ ಫೋನು ಮಾಡುತ್ತಿದ್ದೆ. ಅಮ್ಮನನ್ನು ಅಲ್ಲಿಗೆ ಕರೆಸುತ್ತಿದ್ದರು. ಅವರು ದನ ಕರು ಹಾಕಿದ ಸುದ್ದಿ ಹೇಳುತ್ತಿದ್ದರೆ ನಾನು ಮೀಟರಿನ ಕೆಂಪು ಅಂಕೆಗಳನ್ನು ನೋಡುತ್ತ 'ಸರಿ, ಸರಿ' ಎನ್ನುತ್ತಿದ್ದೆ. ಕರುವಿಗೆ ಏನು ಹೆಸರಿಟ್ಟರು ಎಂದು ಕೇಳಲಿಲ್ಲ. 1996ರಲ್ಲಿ ಅವರು ಹೋದರು. ಅಂದು ಉಳಿಸಿದ ದುಡ್ಡು ಎಷ್ಟೆಂದು ಈಗ ನೆನಪಿಲ್ಲ, ಹೆಸರು ಕೇಳದಿದ್ದದ್ದು ನೆನಪಿದೆ.

ನಿಮ್ಮ ತೊಂದರೆ ಮುಕ್ಕಾಲು ಗಂಟೆಯದ್ದಲ್ಲ, ಅದು ಕೆಲಸದ ನಡುವೆ ಬರುತ್ತದೆ ಎಂಬುದು. ನಡುವೆ ಬಾರದಂತೆ ಮಾಡಿಕೊಳ್ಳಿ. ಬುಧವಾರ ಮತ್ತು ಭಾನುವಾರ ರಾತ್ರಿ ಎಂಟೂವರೆಗೆ ನೀವೇ ಫೋನು ಮಾಡಿ. ಆ ಹೊತ್ತಿಗೆ ಅವರ ಊಟ ಆಗಿರುತ್ತದೆ, ನೀವು ಮಾಡೇ ಮಾಡುತ್ತೀರಿ ಎಂದು ಗೊತ್ತಾದರೆ ಮಧ್ಯಾಹ್ನ ಅವರು ಮಾಡುವುದಿಲ್ಲ. ಆಗ ಕೈಯಲ್ಲಿ ತರಕಾರಿ, ಇಸ್ತ್ರಿ ಯಾವುದೂ ಬೇಡ. ಉಳಿದ ಕೆಲಸಗಳನ್ನೆಲ್ಲ ಜೋಡಿಸಿ ಎಂದು ಈ ಪುಟದ ತುಂಬ ಹೇಳಿದ್ದೇನೆ, ಇದೊಂದನ್ನು ಯಾವುದರ ಜೊತೆಗೂ ಜೋಡಿಸಬೇಡಿ. ಹಳೆಯ ಡೈರಿ ಒಂದನ್ನು ಹತ್ತಿರ ಇಟ್ಟುಕೊಂಡು ಅವರು ಹೇಳುವ ಹೆಸರುಗಳನ್ನು ಬರೆದುಕೊಳ್ಳಿ.

ಮುಂದಿನ ಸಲ ಬಾವಿಯ ಕಥೆ ಬಂದಾಗ ತೋಡಿದವರು ಯಾವ ಊರಿನವರು, ನೀರು ಎಷ್ಟು ಅಡಿಗೆ ಸಿಕ್ಕಿತು, ಮೊದಲ ಕೊಡ ಸೇದಿದವರು ಯಾರು ಎಂದು ಕೇಳಿ. ಅವರು ಏನು ಹೇಳಿದರೆಂದು ನನಗೂ ಬರೆಯಿರಿ.